ಡಿ ಆ್ಯಂಡ್ ಡಿ: ಪಾತ್ರ ಸಾಯುವ ನಿಯಮವನ್ನು ಬಿಗಿ ಮಾಡಬೇಕೇ?

ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಎಸೆಯುತ್ತ ಕಥೆ ನಡೆಸುವ ಆಟ) ಆಡುವ ಮಂಡ್ಯದ ನಿಮ್ಮ ಗುಂಪಿನಲ್ಲಿ ಪಾತ್ರದ ಸಾವಿಗೆ ಯಾರೂ ಹೆದರುತ್ತಿಲ್ಲ, ಕಾಳಗದಲ್ಲಿ ಬಿದ್ದವರನ್ನು ಕ್ಲೆರಿಕ್ (ಮಂತ್ರದಿಂದ ಗಾಯ ವಾಸಿ ಮಾಡುವ ಪುರೋಹಿತ ಪಾತ್ರ) ಮರುಕ್ಷಣವೇ ಎಬ್ಬಿಸುತ್ತಾನೆ, ಆದ್ದರಿಂದ ಡೆತ್ ಸೇವ್ (ಬಿದ್ದವನ ಸಾವು-ಬದುಕು ನಿರ್ಧರಿಸುವ ದಾಳದ ಎಸೆತ) ಗೆಲ್ಲಲು 10ರ ಬದಲು 15 ಬೇಕೆಂದು ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ದಾಳದ ಅಂಕಿಯನ್ನು ಮುಟ್ಟಬೇಡಿ, ನಿಮ್ಮ ತೊಂದರೆಯ ಬೇರು ಅಲ್ಲಿಲ್ಲ.

2014ರ ಐದನೇ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ (ಪಾತ್ರ ಎಷ್ಟು ಏಟು ತಾಳಬಲ್ಲದು ಎಂಬ ಲೆಕ್ಕ) ಸೊನ್ನೆಗಿಳಿದವನು ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಎಸೆಯುತ್ತಾನೆ. 10 ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಸೋಲು. 1 ಬಿದ್ದರೆ ಎರಡು ಸೋಲು, 20 ಬಿದ್ದರೆ ಒಂದು ಹಿಟ್ ಪಾಯಿಂಟ್‌ನೊಂದಿಗೆ ಎದ್ದು ಕೂರುತ್ತಾನೆ. ಮೂರು ಗೆಲುವಿಗೆ ಸ್ಥಿತಿ ಸ್ಥಿರ, ಮೂರು ಸೋಲಿಗೆ ಸಾವು. ಯಾರೂ ನೆರವಿಗೆ ಬಾರದೆ, ಯಾರೂ ಮತ್ತೆ ಹೊಡೆಯದೆ ಇದ್ದರೆ ಬದುಕುವ ಸಾಧ್ಯತೆ ಶೇ 60ರಷ್ಟು. ದಾಳ ಈಗಾಗಲೇ ಸಾಕಷ್ಟು ನಿಷ್ಠುರವಾಗಿದೆ! ಆದರೆ ಒಂದೇ ಒಂದು ಹಿಟ್ ಪಾಯಿಂಟ್ ಮರಳಿದರೂ ಹಿಂದಿನ ಸೋಲುಗಳೆಲ್ಲ ಅಳಿಸಿಹೋಗುತ್ತವೆ. ಗಾಯ ವಾಸಿ ಮಾಡುವ ಹೀಲಿಂಗ್ ವರ್ಡ್ ಮಂತ್ರವನ್ನು 60 ಅಡಿ ದೂರದಿಂದ, ಬೋನಸ್ ಆ್ಯಕ್ಷನ್‌ನಲ್ಲೇ (ಸರದಿಯ ಮುಖ್ಯ ಕೆಲಸದ ಜೊತೆಗೆ ಸಿಗುವ ಚಿಕ್ಕ ಕೆಲಸ) ಹಾಕಬಹುದು. ಹೀಗಿರುವಾಗ ಗಾಯಾಳುವಿಗೆ ಮೊದಲೇ ಚಿಕಿತ್ಸೆ ಕೊಡುವುದಕ್ಕಿಂತ ಬಿದ್ದ ಮೇಲೆ ಎಬ್ಬಿಸುವುದೇ ಲಾಭ. ನಿಮ್ಮ ಆಟಗಾರರು ನಿಯಮವನ್ನು ಸರಿಯಾಗಿಯೇ ಓದಿಕೊಂಡಿದ್ದಾರೆ, ಅವರ ಮೇಲೆ ಬೇಸರ ಬೇಡ.

ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರ ಸೇರುವ ನಮ್ಮ ಗುಂಪಿನಲ್ಲಿ ಬದಲಾಯಿಸಿರುವುದು ಇದೊಂದನ್ನೇ: ಡೆತ್ ಸೇವ್‌ನ ಸೋಲು ಲಾಂಗ್ ರೆಸ್ಟ್ (ಪಾತ್ರಗಳ ರಾತ್ರಿಯಿಡೀ ವಿಶ್ರಾಂತಿ) ಮುಗಿಯುವವರೆಗೆ ಅಳಿಸುವುದಿಲ್ಲ. ಎದ್ದು ನಿಂತವನ ಪಾತ್ರದ ಹಾಳೆಯಲ್ಲಿ ಗುರುತು ಹಾಗೆಯೇ ಉಳಿಯುತ್ತದೆ. ಒಂದು ಸೋಲು ಹೊತ್ತವನು ಮತ್ತೆ ಬಿದ್ದರೆ, ನೆರವಿಲ್ಲದೆ ಬದುಕುವ ಸಾಧ್ಯತೆ ಶೇ 42ಕ್ಕೆ ಇಳಿಯುತ್ತದೆ. ಎರಡು ಸೋಲು ಹೊತ್ತಿದ್ದರೆ ಶೇ 21. ಮೊದಲ ಸಲ ಬಿದ್ದವನಿಗೆ ಹೊಸ ಶಿಕ್ಷೆಯೇನೂ ಇಲ್ಲ. ಆದರೆ ಆ ಗುರುತು ಕಂಡ ಕೂಡಲೇ ಆಟದ ರೀತಿಯೇ ಬದಲಾಗುತ್ತದೆ: ಕ್ಲೆರಿಕ್ ಮುಂಚಿತವಾಗಿ ಚಿಕಿತ್ಸೆ ಕೊಡುತ್ತಾನೆ, ಫೈಟರ್ ಗೆಳೆಯನ ಮುಂದೆ ಬಂದು ನಿಲ್ಲುತ್ತಾನೆ, ಹಿಂದೆ ಸರಿಯೋಣ ಎಂಬ ಮಾತು ಮೊದಲ ಬಾರಿಗೆ ಕೇಳಿಬರುತ್ತದೆ. ನನಗೆ ಈ ಆಟದಲ್ಲಿ ಅತ್ಯಂತ ಪ್ರಿಯವಾದ ಘಳಿಗೆಗಳು ಅವೇ.

ಬಿದ್ದಾಗಲೆಲ್ಲ ಒಂದು ಹಂತ ಎಕ್ಸಾಸ್ಚನ್ (ಬಳಲಿಕೆ) ಕೊಡುವ ಪದ್ಧತಿಯೂ ಇದೆ. ನಾನು ಒಪ್ಪುವುದಿಲ್ಲ. ಮೂರನೇ ಹಂತಕ್ಕೆ ದಾಳಿಯೂ ಸೇವ್‌ಗಳೂ (ಅಪಾಯದಿಂದ ಪಾರಾಗಲು ಎಸೆಯುವ ದಾಳ) ಕುಂದುತ್ತವೆ, ಸೋಲುತ್ತಿರುವವನು ಇನ್ನಷ್ಟು ಸೋಲುತ್ತಾನೆ.

ಪಾತ್ರಗಳು ಇನ್ನೂ ಕೆಳಗಿನ ಮಟ್ಟಗಳಲ್ಲಿರುವಾಗ ಮಾತ್ರ ಇನ್ನೊಂದು ನಿಯಮವನ್ನು ಸಡಿಲಿಸಿ. ಸೊನ್ನೆಗಿಳಿದ ಮೇಲೆ ಉಳಿದ ಏಟು ಪಾತ್ರದ ಗರಿಷ್ಠ ಹಿಟ್ ಪಾಯಿಂಟ್‌ನಷ್ಟಿದ್ದರೆ ದಾಳವೇ ಇಲ್ಲದೆ ಸಾವು. ಗರಿಷ್ಠ 8 ಇರುವ ವಿಝರ್ಡ್ (ಮಂತ್ರವಾದಿ) 3 ಹಿಟ್ ಪಾಯಿಂಟ್‌ನಲ್ಲಿದ್ದಾಗ 11ರ ಏಟು ಬಿದ್ದರೆ ಕಥೆ ಮುಗಿಯಿತು. ಹೊಸಬರಿಗೆ ಇದು ಅನ್ಯಾಯ. ಮೂರನೇ ಮಟ್ಟದವರೆಗೆ ನಾವು ಇದನ್ನು ಬಳಸುವುದಿಲ್ಲ.

ಸತ್ತ ಮೇಲಿನ ದಾರಿಯನ್ನೂ ಮೊದಲೇ ಮಾತಾಡಿಕೊಳ್ಳಿ. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಯಿಂದ ಮತ್ತೆ ಹೊರಡುತ್ತದೆ. ಇಲ್ಲಿ ಆಟಗಾರನಿಗೆ ಅಂಥ ಮನೆ ಯಾವುದು ಎಂದು ನೀವೇ ಹೇಳಬೇಕು. ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತ ಒಂದು ನಿಮಿಷದೊಳಗೆ ಹಾಕಬೇಕು. ಅಂಥ ವಜ್ರ ನಿಮ್ಮ ಲೋಕದಲ್ಲಿ ಸಿಗುತ್ತದೆಯೇ, ಎಷ್ಟು ಸಿಗುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಿ. ರಜೆಯ ದಿನ ರೈಲು ಹತ್ತಿ ಆಡಲು ಬಂದವರು ಪಾತ್ರ ಸತ್ತಿತೆಂದು ಸಂಜೆಯವರೆಗೆ ಸುಮ್ಮನೆ ಕೂರಬಾರದು. ನಮ್ಮಲ್ಲಿ ಅದೇ ಮಟ್ಟದ ಹೊಸ ಪಾತ್ರ ಅಂದೇ ಕಥೆಯೊಳಗೆ ಬರುತ್ತದೆ, ಕೈದಿಯಾಗಿಯೋ ದಾರಿಹೋಕನಾಗಿಯೋ.

ಇದನ್ನೆಲ್ಲ ಆಟ ಶುರುವಾಗುವ ಮುನ್ನ ಹೇಳಿ, ಒಬ್ಬರು ಬೇಡವೆಂದರೂ ಕಾರಣ ಕೇಳಿ. ಈಗಾಗಲೇ ಆಟವನ್ನು ಕಾಳಗದ ನಡುವೆ ನಿಲ್ಲಿಸಿದ್ದರೆ ಆ ಕಾಳಗ ಹಳೆಯ ನಿಯಮದಲ್ಲೇ ಮುಗಿಯಲಿ.