ಅಪು ಚಿತ್ರತ್ರಯದ ಕ್ರೈಟೀರಿಯನ್ ಬಾಕ್ಸ್ ಸೆಟ್‌ಗೆ ಅಷ್ಟು ದುಡ್ಡು ಕೊಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಸತ್ಯಜಿತ್ ರೇ ಅವರ ಅಪು ಚಿತ್ರತ್ರಯ, ಅಂದರೆ ಅಪು ಅನ್ನುವ ಹುಡುಗನ ಕಥೆ ಹೇಳುವ 'ಪಥೇರ್ ಪಾಂಚಾಲಿ', 'ಅಪರಾಜಿತೊ', 'ಅಪುರ್ ಸಂಸಾರ್' ಚಿತ್ರಗಳ ಸೆಟ್ ಕೊಳ್ಳುವ ಆಸೆ ಇದೆ. ಹೊರತಂದವರು ಕ್ರೈಟೀರಿಯನ್ ಅನ್ನುವ ಅಮೆರಿಕದ ಡಿಸ್ಕ್ ಕಂಪನಿಯವರು. ಚಿಕ್ಕಪ್ಪನ ಮಗ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರುವಾಗ ತರಲು ಒಪ್ಪಿದ್ದಾನೆ. ಬ್ಲೂ-ರೇ ಡಿಸ್ಕ್ ತರಿಸಬೇಕೋ ಅದಕ್ಕಿಂತ ಹೆಚ್ಚು ವಿವರ ತೋರಿಸುವ 4ಕೆ ಡಿಸ್ಕ್ ತರಿಸಬೇಕೋ ತಿಳಿಯುತ್ತಿಲ್ಲ. ಮನೆಯಲ್ಲಿರುವುದು ಬೆಂಗಳೂರಲ್ಲೇ ಕೊಂಡ ಪ್ಲೇಸ್ಟೇಷನ್ 5 ಮತ್ತು 55 ಇಂಚಿನ ಟಿವಿ. ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವ ಹಳೇ ಸಿನಿಮಾಕ್ಕೆ ಇಷ್ಟು ಖರ್ಚು ಯಾಕೆ ಅಂತ ಮನೆಯವರು ಕೇಳುತ್ತಿದ್ದಾರೆ.

ಕೊಳ್ಳಿ. 4ಕೆ ಸೆಟ್ಟನ್ನೇ ಕೊಳ್ಳಿ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ, ಇಲ್ಲವಾದರೆ ಬಾಕ್ಸ್ ಬಂದ ಮೇಲೆ ಬೇಜಾರಾಗುತ್ತದೆ.

ಬ್ಲೂ-ರೇ ಡಿಸ್ಕ್‌ಗಳ ಮಟ್ಟಿಗೆ ಜಗತ್ತನ್ನು ಎ, ಬಿ, ಸಿ ಅಂತ ಮೂರು ರೀಜನ್ ಮಾಡಿದ್ದಾರೆ. ಅಮೆರಿಕ ಎ, ಭಾರತ ಸಿ. ಕ್ರೈಟೀರಿಯನ್‌ನವರು ಅಮೆರಿಕದಲ್ಲಿ ಮಾರುವ ಬ್ಲೂ-ರೇಗಳು ಎ ರೀಜನ್‌ಗೆ ಲಾಕ್ ಆಗಿರುತ್ತವೆ. ಹಾಗಾಗಿ 2015ರಲ್ಲಿ ಬಂದ ಬ್ಲೂ-ರೇ ಸೆಟ್ ತರಿಸಿದರೆ ನಿಮ್ಮ ಪಿಎಸ್5ರಲ್ಲಿ ಒಂದು ಡಿಸ್ಕೂ ಓಡುವುದಿಲ್ಲ. 4ಕೆ ಡಿಸ್ಕ್‌ಗಳಿಗೆ ರೀಜನ್ ಅನ್ನುವುದೇ ಇಲ್ಲ. ಎಲ್ಲಿ ಕೊಂಡರೂ ಎಲ್ಲಿ ಬೇಕಾದರೂ ಓಡುತ್ತವೆ. ನಿಮ್ಮ ಪಿಎಸ್5ಗೆ ಡಿಸ್ಕ್ ಡ್ರೈವ್ ಇದ್ದರೆ ಸಾಕು.

ತೊಡಕಿರುವುದು ಇಲ್ಲಿ. 4ಕೆ ಸೆಟ್‌ನಲ್ಲಿ ಮೂರು 4ಕೆ ಡಿಸ್ಕ್, ಮೂರು ಬ್ಲೂ-ರೇ ಡಿಸ್ಕ್ ಇರುತ್ತವೆ. ಸಿನಿಮಾಗಳು ಎರಡರಲ್ಲೂ ಇವೆ. ಸಂದರ್ಶನಗಳು, ಸಾಕ್ಷ್ಯಚಿತ್ರಗಳೆಲ್ಲ ಇರುವುದು ಬ್ಲೂ-ರೇಗಳಲ್ಲಿ. ಅಂದರೆ ಮೂರು ಸಿನಿಮಾಗಳನ್ನೂ ನೀವು ಅತ್ಯುತ್ತಮ ರೂಪದಲ್ಲಿ ನೋಡಬಹುದು, ಆದರೆ ಉಳಿದದ್ದು ನೋಡಲು ಎ ರೀಜನ್ ಓದುವ ಪ್ಲೇಯರ್ ಬೇಕು. ನನ್ನ ಹತ್ತಿರ ರೀಜನ್ ಫ್ರೀ ಮಾಡಿದ ಪ್ಲೇಯರ್ ಇದೆ. ಅದನ್ನು ನೀವು ಈಗಲೇ ಕೊಳ್ಳಬೇಕಿಲ್ಲ. ಮೊದಲು ಸಿನಿಮಾ ನೋಡಿ, ಆಮೇಲೆ ಯೋಚಿಸಿ. ನೆಂಟರ ಕೈಲಿ ಅಮೆರಿಕದ ಪ್ಲೇಯರನ್ನೇ ತರಿಸುವುದಾದರೆ ಅದು ನಮ್ಮ 230 ವೋಲ್ಟ್‌ಗೆ ಆಗುತ್ತದಾ ಅಂತ ನೋಡಿಕೊಳ್ಳಿ. ಎಷ್ಟೋ ಪ್ಲೇಯರ್‌ಗಳು ಅಲ್ಲಿನ ವೋಲ್ಟೇಜ್‌ಗೆ ಮಾತ್ರ ಮಾಡಿದವು.

ಇನ್ನು ಮನೆಯವರ ಪ್ರಶ್ನೆ. ಅದಕ್ಕೆ ಉತ್ತರ ಈ ಸಿನಿಮಾಗಳ ನೆಗೆಟಿವ್‌ಗೆ ಆದ ಗತಿಯಲ್ಲಿದೆ.

1992ರಲ್ಲಿ ರೇ ಅವರಿಗೆ ಗೌರವ ಆಸ್ಕರ್ ಬಂತು. ಅವರಾಗ ಕಲ್ಕತ್ತಾದ ಆಸ್ಪತ್ರೆಯಲ್ಲಿದ್ದರು. ಹಾಸಿಗೆಯಲ್ಲೇ ಪ್ರಶಸ್ತಿ ಹಿಡಿದು ಮಾತಾಡಿದರು, ಏಪ್ರಿಲ್‌ನಲ್ಲಿ ತೀರಿಕೊಂಡರು. ಆಮೇಲೆ ಅವರ ಸಿನಿಮಾಗಳನ್ನು ಉಳಿಸಿಕೊಳ್ಳುವ ಕೆಲಸ ಶುರುವಾಗಿ, ಅಪು ಚಿತ್ರಗಳ ಮೂಲ ನೆಗೆಟಿವ್‌ಗಳು ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬ್‌ಗೆ ಹೋದವು. 1993ರ ಜುಲೈಯಲ್ಲಿ ಆ ಲ್ಯಾಬ್‌ಗೆ ಬೆಂಕಿ ಬಿತ್ತು. ಉಳಿಸಲು ಕಳಿಸಿದ ನೆಗೆಟಿವ್‌ಗಳೇ ಸುಟ್ಟುಹೋದವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದರೂ ಯಾರೋ ಪುಣ್ಯಾತ್ಮರು ಆ ಅರೆಬೆಂದ ಸುರುಳಿಗಳನ್ನು ಎಸೆಯಲಿಲ್ಲ. ಆಸ್ಕರ್ ಅಕಾಡೆಮಿಯ ಆರ್ಕೈವ್‌ನಲ್ಲಿ ಅವು ಹಾಗೇ ಉಳಿದವು. ಇಪ್ಪತ್ತು ವರ್ಷದ ನಂತರ ಕ್ರೈಟೀರಿಯನ್‌ನವರು ಅವನ್ನು ಹೊರಗೆ ತೆಗೆಸಿ ಇಟಲಿಯ ಬೊಲೊನ್ಯಾದ ಲಿಮ್ಮಾಜಿನೆ ರಿಟ್ರೊವಾಟಾ ಲ್ಯಾಬ್‌ಗೆ ಕೊಟ್ಟರು. ಸುಟ್ಟ ಫಿಲ್ಮ್ ಒಣಗಿ, ಸೊಟ್ಟಗಾಗಿ, ಮುಟ್ಟಿದರೆ ಮುರಿಯುವಂತಿತ್ತು. ಗ್ಲಿಸರಾಲ್, ಅಸಿಟೋನ್, ನೀರು ಸೇರಿಸಿದ ದ್ರಾವಣದಲ್ಲಿಟ್ಟು ಅದಕ್ಕೆ ಮತ್ತೆ ತೇವ ಕೊಟ್ಟರು. ಹರಿದುಹೋದ ಅಂಚಿನ ತೂತುಗಳನ್ನು ಕೈಯಿಂದ ಒಂದೊಂದಾಗಿ ಕಟ್ಟಿದರು. ಕೈಕೆಲಸಕ್ಕೇ ಹತ್ತಿರ ಹತ್ತಿರ ಸಾವಿರ ಗಂಟೆ ಹಿಡಿಯಿತು. 'ಪಥೇರ್ ಪಾಂಚಾಲಿ'ಯ ಶೇಕಡ 40ರಷ್ಟು, 'ಅಪರಾಜಿತೊ'ದ ಶೇಕಡ 60ಕ್ಕೂ ಜಾಸ್ತಿ ಭಾಗ ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು. ಉಳಿದದ್ದನ್ನು ಬೇರೆ ಬೇರೆ ಆರ್ಕೈವ್‌ಗಳಲ್ಲಿದ್ದ ಮಾಸ್ಟರ್ ಪ್ರತಿ ಮತ್ತು ನಕಲು ನೆಗೆಟಿವ್‌ಗಳಿಂದ ತುಂಬಿಸಿದರು. 'ಅಪುರ್ ಸಂಸಾರ್'ನ ಮೂಲ ಬಳಸುವ ಸ್ಥಿತಿಯಲ್ಲೇ ಇರಲಿಲ್ಲ. ಅದು ಪೂರ್ತಿ ಪ್ರತಿಗಳಿಂದ ಆದದ್ದು.

ಯೂಟ್ಯೂಬ್‌ನಲ್ಲಿ ಓಡಾಡುವ ಹಳೇ ಕಾಪಿಗಳು ಹೆಚ್ಚಾಗಿ ಈ ಕೆಲಸಕ್ಕೆ ಮುಂಚಿನ ಸವೆದ ಪ್ರಿಂಟ್‌ಗಳಿಂದ ಬಂದವು. ಅದನ್ನು ನೋಡಿದವರು ಕಥೆ ನೋಡಿರುತ್ತಾರೆ. ಛಾಯಾಗ್ರಾಹಕ ಸುಬ್ರತೊ ಮಿತ್ರ ಅವರ ಬೆಳಕನ್ನು ನೋಡಿರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ದುಡ್ಡು ಕೊಡಿ ಅನ್ನುತ್ತಿರುವುದು ಇದಕ್ಕೇ. 'ಅಪರಾಜಿತೊ'ದಲ್ಲಿ ಅಪುವಿನ ಅಪ್ಪ ಹರಿಹರನ ಸಂಸಾರ ಕಾಶಿಯಲ್ಲಿ ಒಂದು ಹಳೇ ಮನೆಯಲ್ಲಿರುತ್ತದೆ. ನಡುವೆ ಅಂಗಳ, ಮೇಲಿಂದ ಇಳಿಯುವ ಬೆಳಕು. ಅದು ಕಲ್ಕತ್ತಾದ ಸ್ಟುಡಿಯೋದಲ್ಲಿ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಕಟ್ಟಿದ ಸೆಟ್. ಅಂಥ ಅಂಗಳದಲ್ಲಿ ನೆರಳು ಕತ್ತರಿಸಿದ ಹಾಗೆ ಬೀಳುವುದಿಲ್ಲ ಅಲ್ವಾ? ಮೆತ್ತಗೆ ಹರಡಿಕೊಂಡಿರುತ್ತದೆ. ಸ್ಟುಡಿಯೋ ದೀಪಗಳನ್ನು ನೇರ ಹಾಯಿಸಿದರೆ ಆ ಹದ ಬರುವುದಿಲ್ಲ. ಮಿತ್ರ ಸೆಟ್‌ನ ಮೇಲೆ ಬಿಳಿ ಬಟ್ಟೆ ಬಿಗಿದು ಕಟ್ಟಿಸಿದರು. ದೀಪಗಳನ್ನು ಕೆಳಗಿಂದ ಬಟ್ಟೆಗೆ ಹಾಯಿಸಿ, ಅಲ್ಲಿಂದ ತಿರುಗಿ ಬಂದ ಬೆಳಕಲ್ಲಿ ಚಿತ್ರೀಕರಣ ಮಾಡಿದರು. ಬೌನ್ಸ್ ಲೈಟಿಂಗ್ ಅಂತ ಈಗ ಎಲ್ಲರೂ ಮಾಡುವುದನ್ನು ಅವರು 1956ರ ಚಿತ್ರದಲ್ಲಿ ಮಾಡಿದ್ದಾರೆ. ಹಳೇ ಕಾಪಿಯಲ್ಲಿ ಆ ಅಂಗಳ ಬರೀ ಬೂದಿ ಬಣ್ಣದ ಮಬ್ಬು. ಈ ಡಿಸ್ಕ್‌ನಲ್ಲಿ ಗೋಡೆಯ ಗಾರೆ, ಅಪುವಿನ ಅಮ್ಮ ಸರ್ವಜಯಾಳ ಸೀರೆಯ ನೂಲು, ಮೂಲೆಯ ಕತ್ತಲು ಎಲ್ಲಕ್ಕೂ ಬೇರೆ ಬೇರೆ ಬೂದು ಇದೆ.

'ಪಥೇರ್ ಪಾಂಚಾಲಿ'ಯಲ್ಲಿ ಮಳೆ ಬರುವ ಮುಂಚೆ ಕೆರೆಯ ನೀರಿನ ಮೇಲೆ ಹುಳುಗಳು ಆಡುವುದನ್ನು ನೋಡಿ. ಇಂದಿರ್ ಅಜ್ಜಿಯಾಗಿರುವ ಚುನಿಬಾಲಾ ದೇವಿ ಅವರ ಮುಖದ ಸುಕ್ಕುಗಳನ್ನು ನೋಡಿ. ಕಥೆಯ ಅರ್ಧ ಆ ಮುಖದಲ್ಲೇ ಇದೆ.

ಮೂರೂ ಚಿತ್ರಗಳು ಒಂದೇ ಸಮ ಇರುತ್ತವೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮೂಲ ನೆಗೆಟಿವ್‌ನಿಂದ ಬಂದ ಭಾಗಗಳಲ್ಲಿ 4ಕೆಯ ಲಾಭ ಎದ್ದು ಕಾಣುತ್ತದೆ. ಪ್ರತಿಗಳಿಂದ ಬಂದ ಭಾಗ ಸ್ವಲ್ಪ ಮೆತ್ತಗಿರುತ್ತದೆ, ಗಮನವಿಟ್ಟರೆ ಗೊತ್ತಾಗುತ್ತದೆ. 'ಅಪುರ್ ಸಂಸಾರ್' ಒಂದಕ್ಕೇ ಆದರೆ ನಾನು 4ಕೆ ಅಂತ ಒತ್ತಿ ಹೇಳುತ್ತಿರಲಿಲ್ಲ. 55 ಇಂಚಿನ ಟಿವಿಯಲ್ಲಿ, ಹತ್ತು ಅಡಿ ದೂರ ಕೂತು ನೋಡುವಾಗ ಒಳ್ಳೆಯ ಬ್ಲೂ-ರೇಗೂ 4ಕೆಗೂ ದೊಡ್ಡ ಅಂತರ ಕಾಣುವುದಿಲ್ಲ ಅನ್ನುವುದೂ ನಿಜ. ನಿಮಗೆ 4ಕೆ ಹೇಳುತ್ತಿರುವ ಮುಖ್ಯ ಕಾರಣ ಆ ರೀಜನ್ ಲಾಕ್.

ಬ್ಲೂ-ರೇಗಳಲ್ಲಿರುವ ಹೆಚ್ಚುವರಿ ವಸ್ತುಗಳ ಬಗ್ಗೆ ಕೇಳಿದ್ದೀರಿ. ಎಷ್ಟೋ ವಿಶೇಷ ಆವೃತ್ತಿಗಳಲ್ಲಿ ಇಂಥವನ್ನು ಸುಮ್ನೆ ತುಂಬಿರುತ್ತಾರೆ. ಇಲ್ಲಿ ಹಾಗಿಲ್ಲ. ಸಿನಿಮಾ ಮಾಡಿದ ಅನುಭವದ ಬಗ್ಗೆ ತಾವೇ ಬರೆದ ಪ್ರಬಂಧವನ್ನು ರೇ ಓದಿರುವ 1958ರ ಧ್ವನಿಮುದ್ರಣ ಇದೆ. 'ಅಪುರ್ ಸಂಸಾರ್'ನಲ್ಲಿ ನಟಿಸಿದ ಸೌಮಿತ್ರ ಚಟರ್ಜಿ, ಶರ್ಮಿಳಾ ಟ್ಯಾಗೋರ್ ಮಾತಾಡಿದ್ದಾರೆ. ಮಿತ್ರ ಅವರ ಸಹಾಯಕರಾಗಿದ್ದು ಆಮೇಲೆ ರೇ ಅವರ ಛಾಯಾಗ್ರಾಹಕರೇ ಆದ ಸೌಮೇಂದು ರಾಯ್ ಇದ್ದಾರೆ. ಸಂಗೀತದ ಬಗ್ಗೆ ರವಿಶಂಕರ್ ಮಾತಾಡಿರುವ ಸಾಕ್ಷ್ಯಚಿತ್ರದ ತುಣುಕಿದೆ. 'ಪಥೇರ್ ಪಾಂಚಾಲಿ'ಯ ಹಿನ್ನೆಲೆ ಸಂಗೀತವನ್ನು ಅವರು ಒಂದೇ ರಾತ್ರಿ ಕೂತು ಮುಗಿಸಿದ್ದು. ಸೌಮಿತ್ರ, ಸೌಮೇಂದು, ರವಿಶಂಕರ್ ಯಾರೂ ಈಗ ಇಲ್ಲ. ಸುಟ್ಟ ಫಿಲ್ಮ್‌ಗೆ ಜೀವ ಕೊಟ್ಟ ಕೆಲಸದ ಬಗ್ಗೆಯೂ ಚಿಕ್ಕ ಚಿತ್ರಗಳಿವೆ. ಅದನ್ನು ಮನೆಯವರಿಗೆ ಮೊದಲು ತೋರಿಸಿದರೆ ಖರ್ಚಿನ ಮಾತು ಬರಲಿಕ್ಕಿಲ್ಲ.

ಅಂದ ಹಾಗೆ, ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' ಹೊಸ ರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತಲ್ಲ, ಆ ಕೆಲಸವೂ ನಡೆದದ್ದು ಬೊಲೊನ್ಯಾದ ಇದೇ ಲ್ಯಾಬ್‌ನಲ್ಲಿ. ನಮ್ಮ ಕನ್ನಡ ಸಿನಿಮಾಗಳಿಗೂ ಇಂಥ ಒಂದು ಬಾಕ್ಸ್ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ. ಜನ ಡಿಸ್ಕ್ ಕೊಳ್ಳುತ್ತಾರೆ ಅಂತ ಕಂಡರೆ ತಾನೇ ಯಾರಾದರೂ ಮಾಡುವುದು?

ಒಂದೇ ಸಲ ನೋಡಿ ಮುಗಿಸುವ ಕುತೂಹಲ ಅಷ್ಟೇ ಆಗಿದ್ದರೆ ಕೊಳ್ಳಬೇಡಿ. ಹತ್ತಿರದ ಫಿಲ್ಮ್ ಸೊಸೈಟಿಯವರು ಹಾಕಿದಾಗ ಹೋಗಿ ನೋಡಿ. ಮತ್ತೆ ಮತ್ತೆ ನೋಡುವ, ನಿಲ್ಲಿಸಿ ನೋಡುವ, ಮಕ್ಕಳಿಗೆ ತೋರಿಸುವ ಮನಸ್ಸಿದ್ದರೆ ಮಾತ್ರ ಇದು ನಿಮಗೆ. ಸಬ್‌ಟೈಟಲ್ ಇಂಗ್ಲಿಷ್ ಒಂದೇ. ಅಮ್ಮನ ಜೊತೆ ಕೂತು ನೋಡುವ ಆಸೆ ಅಂತ ಬರೆದಿದ್ದೀರಿ. ಅವರಿಗೆ ಇಂಗ್ಲಿಷ್ ಓದಲು ಕಷ್ಟವಾದರೆ ಪಕ್ಕದಲ್ಲಿ ಕೂತು ಹೇಳುತ್ತಿರಿ. ಮಾತು ಕಡಿಮೆ ಇರುವ ಸಿನಿಮಾಗಳು, ತೊಂದರೆಯಾಗುವುದಿಲ್ಲ.

ನೋಡುವಾಗ ಟಿವಿಯ ಮೋಷನ್ ಸ್ಮೂತಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ. ತೆರೆಯ ಮೇಲೆ ಆಡುವ ಸಣ್ಣ ಸಣ್ಣ ಕಣಗಳು ದೋಷವಲ್ಲ, ಫಿಲ್ಮ್‌ನ ಗ್ರೇನ್. ಅದನ್ನು ಒರೆಸಲು ಹೋದರೆ ಮುಖದ ವಿವರವೂ ಹೋಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಈ ಚಿತ್ರಗಳ ಚೌಕಟ್ಟೇ ಹಾಗೆ. ತೆರೆ ತುಂಬಿಸಲು ದಯವಿಟ್ಟು ಎಳೆಯಬೇಡಿ.

ಕೊನೆಗೆ ಬೆಲೆ. ಕೊರಿಯರ್‌ನಲ್ಲಿ ತರಿಸಬೇಡಿ, ಸಾಗಣೆ ಮತ್ತು ಸುಂಕ ಸೇರಿ ತುಂಬಾ ಏರುತ್ತದೆ. ಬಾರ್ನ್ಸ್ ಆ್ಯಂಡ್ ನೋಬಲ್ ಅಂಗಡಿಯವರು ಸಾಮಾನ್ಯವಾಗಿ ಜುಲೈ ಮತ್ತು ನವೆಂಬರ್‌ನಲ್ಲಿ ಕ್ರೈಟೀರಿಯನ್ ಡಿಸ್ಕ್‌ಗಳನ್ನು ಅರ್ಧ ಬೆಲೆಗೆ ಮಾರುತ್ತಾರೆ. ನಿಮ್ಮ ತಮ್ಮ ಡಿಸೆಂಬರ್‌ನಲ್ಲಿ ಹೊರಡುವುದಾದರೆ ನವೆಂಬರ್ ಸೇಲ್ ಸರಿಯಾಗಿ ಸಿಗುತ್ತದೆ. ಕೊಂಡ ಕೂಡಲೇ ಅಲ್ಲೇ ಬಾಕ್ಸ್ ಬಿಚ್ಚಿ ಆರೂ ಡಿಸ್ಕ್‌ಗಳಲ್ಲಿ ಗೀರು ಇದೆಯಾ ನೋಡಲು ಹೇಳಿ. ಬದಲಾಯಿಸಬೇಕಾದರೆ ಅಂಗಡಿಗೆ ವಾಪಸ್ ಕೊಡುವುದು ಅವನು ಅಲ್ಲಿರುವಾಗ ಮಾತ್ರ ಸಾಧ್ಯ.