1099 ನರ್ಸ್ ಪ್ರಾಕ್ಟಿಷನರ್ ಕೆಲಸಕ್ಕೆ ಗಂಟೆಗೆ ಎಷ್ಟು ಕೇಳಬೇಕು?

ನೀವು ಟೆಕ್ಸಾಸ್‌ನಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ (ಎನ್‌ಪಿ), ಅಂದರೆ ಪೇಷೆಂಟ್ ನೋಡಿ ಔಷಧಿಯನ್ನೂ ಬರೆಯುವ ನರ್ಸ್. ಈಗಿನ ಕ್ಲಿನಿಕ್‌ನಲ್ಲಿ ಡಬ್ಲ್ಯೂ-2 ಮೇಲೆ, ಅಂದರೆ ಸಂಬಳದ ನೌಕರರಾಗಿ, ಗಂಟೆಗೆ 60 ಡಾಲರ್ ಸಿಗುತ್ತಿದೆ. ವಯಸ್ಸಾದವರ ನರ್ಸಿಂಗ್ ಹೋಮ್‌ಗಳಲ್ಲಿ ರೌಂಡ್ಸ್ ಮಾಡುವ ಗ್ರೂಪ್ ಒಂದು 1099 ಮೇಲೆ, ಅಂದರೆ ಸ್ವತಂತ್ರ ಕಾಂಟ್ರಾಕ್ಟರ್ ಆಗಿ, 75 ಕೊಡುತ್ತೇವೆ ಅಂದಿದೆ. ಒಪ್ಪಿಕೊಳ್ಳಲಾ, ಜಾಸ್ತಿ ಕೇಳಲಾ ಅಂತ ನಿಮ್ಮ ಪ್ರಶ್ನೆ.

75ಕ್ಕೆ ಒಪ್ಪಬೇಡಿ. ನಾನೂ ಇದೇ ರಾಜ್ಯದಲ್ಲಿ ಇದೇ ಥರದ ಕೆಲಸ ಮಾಡುತ್ತೇನೆ. ನೋಡೋಕೆ 15 ಡಾಲರ್ ಜಾಸ್ತಿ ಅನಿಸಿದರೂ ಅದು ನಿಮ್ಮ ಈಗಿನ ಸಂಬಳಕ್ಕಿಂತ ಕಡಿಮೆ.

ಅದಕ್ಕೂ ಮುಂಚೆ ವೀಸಾ ವಿಷಯ. ನಿಮಗೆ ಗ್ರೀನ್ ಕಾರ್ಡ್ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಎಚ್-1ಬಿ (ಕಂಪನಿ ಹೆಸರಲ್ಲಿ ಸಿಗುವ ಕೆಲಸದ ವೀಸಾ) ಇದ್ದರೆ ಈ ಮಾತೇ ಬೇಡ, ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಎಚ್-4 ಇಎಡಿ (ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಪರವಾನಗಿ) ಇದ್ದರೆ ತೊಂದರೆ ಇಲ್ಲ.

ಈಗ ಲೆಕ್ಕ. 60 ಡಾಲರ್, ವರ್ಷಕ್ಕೆ 2,080 ಗಂಟೆ: 1,24,800 ಡಾಲರ್. ಇದರ ಮೇಲೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ತೆರಿಗೆ ಅಂತ ಕ್ಲಿನಿಕ್ ತನ್ನ ಪಾಲಿನ 7.65 ಶೇಕಡಾ ಕಟ್ಟುತ್ತಿದೆ. ಅದು ಸುಮಾರು 9,550. 1099ಕ್ಕೆ ಹೋದರೆ ಎರಡೂ ಪಾಲು, ಅಂದರೆ 15.3 ಶೇಕಡಾ, ನಿಮ್ಮದೇ. ಹೆಲ್ತ್ ಇನ್ಶೂರೆನ್ಸ್‌ಗೆ ಕ್ಲಿನಿಕ್ ಹಾಕುವುದು 8,000 ಅಂತ ಇಟ್ಟುಕೊಳ್ಳಿ. 401(ಕೆ) ನಿವೃತ್ತಿ ಉಳಿತಾಯಕ್ಕೆ ಕ್ಲಿನಿಕ್ 4 ಶೇಕಡಾ ಸೇರಿಸುತ್ತಿದ್ದರೆ ಸುಮಾರು 5,000. ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್ (ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ಕೇಸ್ ಬಿದ್ದರೆ ಕಾಯುವ ವಿಮೆ), ಸಿಎಂಇ (ವೃತ್ತಿಯ ಮುಂದುವರಿದ ತರಬೇತಿ), ಡಿಇಎ (ನಿಯಂತ್ರಿತ ಔಷಧಿ ಬರೆಯೋಕೆ ಬೇಕಾದ ನೋಂದಣಿ), ಲೈಸೆನ್ಸ್ ಎಲ್ಲ ಸೇರಿ 3,500 ಅನ್ನಿ. ಒಟ್ಟು ಸುಮಾರು 1,50,850 ಆಯಿತು. ನಿಮ್ಮ ಪೇ ಸ್ಟಬ್ ಮತ್ತು ಬೆನಿಫಿಟ್ಸ್ ಕಾಗದ ತೆಗೆದು ನಿಜವಾದ ಅಂಕಿ ಹಾಕಿಕೊಳ್ಳಿ.

ಆದರೆ ಈ ದುಡ್ಡು ಬರುತ್ತಿರುವುದು 2,080 ಗಂಟೆ ದುಡಿದಿದ್ದಕ್ಕೆ ಅಲ್ಲ. 20 ದಿನ ಪಿಟಿಒ (ಸಂಬಳ ಸಹಿತ ರಜೆ), 6 ದಿನ ಹಬ್ಬದ ರಜೆ ತೆಗೆದರೆ ನೀವು ಕೆಲಸ ಮಾಡುವುದು 1,872 ಗಂಟೆ. ಭಾಗಿಸಿ ನೋಡಿ, ಗಂಟೆಗೆ 80 ಡಾಲರ್ ದಾಟುತ್ತದೆ. ಬರೀ ಈಗ ಇರುವ ಜಾಗದಲ್ಲೇ ನಿಲ್ಲೋಕೆ ಇಷ್ಟು ಬೇಕು. ಸ್ವಂತ ಉದ್ಯೋಗದ ತೆರಿಗೆಯಲ್ಲಿ (ಮೇಲೆ ಹೇಳಿದ 15.3 ಶೇಕಡಾ) ಅರ್ಧವನ್ನು ಆದಾಯದಿಂದ ಕಳೆಯಬಹುದು, ಮೈಲೇಜ್ ಖರ್ಚೂ ತೋರಿಸಬಹುದು, ಹಾಗಾಗಿ ಒಂದೆರಡು ಡಾಲರ್ ಆಚೀಚೆ ಆಗುತ್ತದೆ. ಇನ್ನೊಂದು ಕಡೆ ಓವರ್‌ಟೈಮ್ ಇಲ್ಲ, ಕೆಲಸ ಹೋದರೆ ಅನ್‌ಎಂಪ್ಲಾಯ್‌ಮೆಂಟ್ ಭತ್ಯೆ ಇಲ್ಲ, ಕೆಲಸದಲ್ಲಿ ಬಿದ್ದು ಕಾಲು ಮುರಿದರೆ ವರ್ಕರ್ಸ್ ಕಾಂಪೆನ್ಸೇಷನ್ ಇಲ್ಲ. ಇದಕ್ಕೂ ಬೆಲೆ ಇದೆ ಅಲ್ವಾ? ನಾನಾಗಿದ್ದರೆ 100 ಕೇಳಿ, 88ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಇನ್ನು ರೇಟಿಗಿಂತ ದೊಡ್ಡ ಪ್ರಶ್ನೆ: ಯಾವ ಗಂಟೆಗೆ ದುಡ್ಡು? ನರ್ಸಿಂಗ್ ಹೋಮ್ ಕೆಲಸದಲ್ಲಿ ಪೇಷೆಂಟ್ ಮುಂದೆ ಇರುವ ಹೊತ್ತು ಒಂದು ಭಾಗ ಅಷ್ಟೇ. ಚಾರ್ಟಿಂಗ್ (ಪೇಷೆಂಟ್ ದಾಖಲೆ ಬರೆಯುವುದು) ಇದೆ, ಪೇಷೆಂಟ್ ಮನೆಯವರಿಗೆ ಫೋನ್ ಮಾಡುವುದಿದೆ, ಲ್ಯಾಬ್ ನೋಡುವುದಿದೆ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಡ್ರೈವ್ ಇದೆ. 8 ಗಂಟೆಗೆ ಮಾತ್ರ 75 ಕೊಟ್ಟು, ಒಂದು ಗಂಟೆ ಚಾರ್ಟಿಂಗ್ ಮನೆಗೆ ಬಂತು ಅಂದರೆ ನಿಮ್ಮ ರೇಟು 67ಕ್ಕೆ ಇಳಿಯಿತು. ರಾತ್ರಿ ಫೋನ್ ಕಾಲ್ ಯಾರು ತೆಗೆದುಕೊಳ್ಳುತ್ತಾರೆ, ಅದಕ್ಕೆ ಬೇರೆ ಕೊಡುತ್ತಾರಾ ಅಂತ ಕೇಳಿ. "ಅದೆಲ್ಲ ಹೊಂದಿಸಿಕೊಂಡು ಹೋಗೋಣ" ಅಂದರೆ ಹೊಂದಿಸಿಕೊಳ್ಳುವವರು ನೀವೇ.

ಎಷ್ಟೋ ಗ್ರೂಪ್‌ಗಳು ಗಂಟೆ ಬಿಟ್ಟು ವಿಸಿಟ್ ಲೆಕ್ಕದಲ್ಲಿ ಕೊಡೋಕೆ ಬರುತ್ತವೆ. ಅದು ಕೆಟ್ಟದ್ದೇನಲ್ಲ. ಕೈ ಚುರುಕಾಗಿದ್ದರೆ ಲಾಭವೇ. ಆದರೆ ಆಗ ಪೇಷೆಂಟ್ ಸಂಖ್ಯೆ ಇಳಿದರೆ ನಷ್ಟ ನಿಮ್ಮ ತಲೆ ಮೇಲೆ. ಹಾಗಾಗಿ ಕಟ್ಟಡದಲ್ಲಿ ಎಷ್ಟು ಜನ ಇದ್ದಾರೆ ಅಂತಷ್ಟೇ ಕೇಳಬೇಡಿ, ಅದರಲ್ಲಿ ಹೊಸದಾಗಿ ರೀಹ್ಯಾಬ್‌ಗೆ ಬಂದವರು ಎಷ್ಟು ಅಂತ ಕೇಳಿ. ಫೆಡರಲ್ ನಿಯಮದ ಪ್ರಕಾರ ದಾಖಲಾದ ಮೊದಲ 90 ದಿನ ಪ್ರತಿ 30 ದಿನಕ್ಕೊಮ್ಮೆ ನೋಡಲೇಬೇಕು, ಆಮೇಲೆ 60 ದಿನಕ್ಕೊಮ್ಮೆ. ಮೊದಲ ವಿಸಿಟ್ ಆದಮೇಲೆ ಡಾಕ್ಟರ್ ಮತ್ತು ಎನ್‌ಪಿ ಸರದಿ ಮೇಲೆ ನೋಡಬಹುದು. ವರ್ಷಗಟ್ಟಲೆ ಅಲ್ಲೇ ಇರುವವರೇ ಜಾಸ್ತಿ ಇದ್ದರೆ ವಿಸಿಟ್ ಕಡಿಮೆ. ದಿನಕ್ಕೆ ಕನಿಷ್ಠ ಇಷ್ಟು ಗ್ಯಾರಂಟಿ ಅಂತ ಬರೆಸಿಕೊಳ್ಳಿ.

ಅವರಿಗೆ ನಿಮ್ಮಿಂದ ಎಷ್ಟು ಬರುತ್ತದೆ ಅನ್ನುವುದೂ ಗುಟ್ಟೇನಲ್ಲ. ಎನ್‌ಪಿ ಹೆಸರಲ್ಲಿ ಬಿಲ್ ಆದರೆ ಮೆಡಿಕೇರ್ ಡಾಕ್ಟರ್ ದರದ 85 ಶೇಕಡಾ ಲೆಕ್ಕ ಹಿಡಿಯುತ್ತದೆ. ಮೆಡಿಕೇರ್ ನಡೆಸುವ ಸಿಎಂಎಸ್ ಇಲಾಖೆಯ ವೆಬ್‌ಸೈಟ್‌ನಲ್ಲಿ 99308, 99309, 99310 ಅನ್ನುವ ನರ್ಸಿಂಗ್ ಹೋಮ್ ವಿಸಿಟ್ ಬಿಲ್ ಕೋಡ್‌ಗಳಿಗೆ ನಿಮ್ಮ ಊರಿನ ದರ ಪುಕ್ಕಟೆ ಸಿಗುತ್ತದೆ. 0.85ರಿಂದ ಗುಣಿಸಿ, ದಿನದ ವಿಸಿಟ್‌ಗಳಿಗೆ ಕೂಡಿಸಿ. ಈ ಅಂಕಿ ಕೈಯಲ್ಲಿದ್ದರೆ 100 ಅನ್ನುವಾಗ ಗಂಟಲು ಕಟ್ಟುವುದಿಲ್ಲ. ಶೇಕಡಾವಾರು ಕೊಡುತ್ತೇವೆ ಅಂದರೆ ಅದು ಕಳಿಸಿದ ಬಿಲ್ ಮೇಲೋ, ಕೈಗೆ ಬಂದ ಹಣದ ಮೇಲೋ ಕೇಳಿ. ಎರಡಕ್ಕೂ ಅಜಗಜಾಂತರ.

ದುಡ್ಡಿನ ಮಾತು ಆಡೋಕೆ ನಮ್ಮವರಿಗೆ ಮುಜುಗರ. ಊರಲ್ಲಿ ಮೇಟ್ರನ್ ಹೇಳಿದ ಸಂಬಳಕ್ಕೆ ತಲೆಯಾಡಿಸಿ ಬಂದವರು ನಾವು. ಇಲ್ಲಿ ನೀವು ಒಂದು ವ್ಯಾಪಾರ, ಅವರು ಇನ್ನೊಂದು ವ್ಯಾಪಾರ. ಮನೆ ಸಾಲ, ಮಕ್ಕಳ ಫೀಸು ಅಂತೆಲ್ಲ ಹೇಳಬೇಡಿ. "ನನ್ನ 1099 ರೇಟು 100, ಚಾರ್ಟಿಂಗ್ ಸಮಯವೂ ಸೇರಿ" ಅಂತ ಹೇಳಿ ಸುಮ್ನೆ ಇದ್ದುಬಿಡಿ. ಮೌನ ತುಂಬೋಕೆ ಹೋಗಿ ನೀವೇ 90 ಅಂದುಬಿಡಬೇಡಿ. ಅವರು ರೇಟು ಏರಿಸೋಕೆ ಆಗಲ್ಲ ಅಂದರೆ ಮೈಲೇಜ್, ಮಾಲ್‌ಪ್ರಾಕ್ಟಿಸ್ ಪ್ರೀಮಿಯಂ, ಗ್ಯಾರಂಟಿ ಗಂಟೆ ಕೇಳಿ.

ಸಹಿ ಹಾಕುವ ಮುಂಚೆ ಎರಡು ವಿಷಯಕ್ಕೆ ಪಟ್ಟು ಹಿಡಿಯಿರಿ. ಟೆಕ್ಸಾಸ್‌ನಲ್ಲಿ ಔಷಧಿ ಬರೆಯೋಕೆ ಡಾಕ್ಟರ್ ಜೊತೆ ಒಪ್ಪಂದ ಇರಲೇಬೇಕು, ಆ ಡಾಕ್ಟರ್‌ಗೆ ಕೊಡುವ ಫೀ ಗ್ರೂಪ್‌ನದೇ ಆಗಲಿ. ಮಾಲ್‌ಪ್ರಾಕ್ಟಿಸ್ ಪಾಲಿಸಿ ಕ್ಲೇಮ್ಸ್-ಮೇಡ್ (ಪಾಲಿಸಿ ಚಾಲ್ತಿಯಲ್ಲಿ ಇರುವಾಗ ಬಂದ ಕ್ಲೇಮ್‌ಗೆ ಮಾತ್ರ ಕೊಡುವಂಥದ್ದು) ಆಗಿದ್ದರೆ, ಬಿಟ್ಟು ಹೋಗುವಾಗ ಟೇಲ್ ಕವರೇಜ್ (ಆಮೇಲೆ ಬರುವ ಕ್ಲೇಮ್‌ಗೆ ವಿಮೆ) ಯಾರು ಕಟ್ಟುತ್ತಾರೆ ಅನ್ನುವುದು ಕಾಗದದಲ್ಲಿ ಇರಲಿ. ಟೇಲ್ ದುಬಾರಿ.

ಮತ್ತೆ, ಶಿಫ್ಟ್ ಅವರೇ ಹಾಕುತ್ತಾರೆ, ಬೇರೆ ಕಡೆ ಕೆಲಸ ಮಾಡಬಾರದು, ಎಲ್ಲ ಅವರು ಹೇಳಿದ ಹಾಗೇ ಆಗಬೇಕು ಅನ್ನುವುದಾದರೆ ಅದು ಕಾಂಟ್ರಾಕ್ಟರ್ ಕೆಲಸವೇ ಅಲ್ಲ. "ಹಾಗಾದರೆ ಡಬ್ಲ್ಯೂ-2 ಕೊಡಿ" ಅನ್ನಿ. ಇಂಥ ತಕರಾರು ತೀರ್ಮಾನ ಮಾಡೋಕೆ ಫೆಡರಲ್ ತೆರಿಗೆ ಇಲಾಖೆ ಐಆರ್‌ಎಸ್‌ನಲ್ಲಿ ಎಸ್‌ಎಸ್-8 ಅಂತ ಫಾರಂ ಇದೆ. ಅದರ ಹೆಸರು ಅವರಿಗೂ ಗೊತ್ತಿರುತ್ತದೆ.

ಒಪ್ಪಂದ ಆದರೆ ಮೊದಲ ಚೆಕ್‌ನಿಂದಲೇ ತೆರಿಗೆಗೆ ಅಂತ ಬೇರೆ ಅಕೌಂಟ್ ಮಾಡಿ, 30 ಶೇಕಡಾ ಅಲ್ಲಿ ಹಾಕಿ. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕೆ ಕಂತು ಕಟ್ಟಬೇಕು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಫೆಡರಲ್ ಒಂದನ್ನು ನೋಡಿಕೊಂಡರೆ ಸಾಕು.