ಮಾತಿಗೆ ಮೊದಲು ಕೈಗೊಂದು ಕೆಲಸ

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಜೂನ್‌ನಿಂದ ಎಲ್‌ಕೆಜಿಗೆ ಹೋಗುತ್ತಿದ್ದಾಳೆ. ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ, ಸ್ಕೂಲಿನಲ್ಲಿ ಒಂದು ಮಾತೂ ಇಲ್ಲ. ಆಟದ ಹೊತ್ತಿನಲ್ಲಿ ಗೋಡೆಗೆ ಒರಗಿ ನೋಡುತ್ತಾ ನಿಂತಿರುತ್ತಾಳಂತೆ. ಬೆಳಿಗ್ಗೆ ಯೂನಿಫಾರ್ಮ್ ಕಂಡರೆ ಹೊಟ್ಟೆನೋವು ಅಂತ ಅಳುತ್ತಾಳೆ. ಭಾನುವಾರ ನೋವಿಲ್ಲ. ನಮ್ಮ ಮನೆಯವರು ಇದೆಲ್ಲ ನಾಟಕ ಅಂತಾರೆ, ಅತ್ತೆ ದೃಷ್ಟಿ ತೆಗೆಯುತ್ತಾರೆ. ನಾನೇನು ಮಾಡಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ನೋಡಮ್ಮಾ, ಮೊದಲು ಹೊಟ್ಟೆನೋವಿನ ವಿಷಯ. ಅದು ನಾಟಕ ಅಲ್ಲ. ಹೆದರಿಕೆಯಾದರೆ ದೊಡ್ಡವರಿಗೂ ಹೊಟ್ಟೆ ಹಿಂಡುತ್ತದೆ, ಅಲ್ವಾ? ಮಿದುಳಿಗೂ ಕರುಳಿಗೂ ನರಗಳ ಸಂಬಂಧ ಇದೆ. ‘ನನಗೆ ಭಯ’ ಎಂದು ಹೇಳಲು ಬಾರದ ವಯಸ್ಸಿನಲ್ಲಿ ಭಯ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಆದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಲಬದ್ಧತೆ, ಮೂತ್ರದ ಸೋಂಕು ಇದ್ದರೂ ಹೊಟ್ಟೆ ನೋಯುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮಾತಾಡದ ಮಗು ಬಾತ್‌ರೂಮಿಗೂ ಕೇಳುವುದಿಲ್ಲ. ಸ್ಕೂಲು ಬಿಡುವ ತನಕ ತಡೆದುಕೊಂಡೇ ಇರುತ್ತದೆ. ನಾಳೆಯೇ ಮಿಸ್ ಹತ್ತಿರ ಮಾತಾಡಿ. ಕಿರುಬೆರಳು ತೋರಿಸಿದರೆ ಕಳಿಸಿಬಿಡಲಿ, ಬಾಯಿಬಿಟ್ಟು ಕೇಳು ಎಂಬ ಒತ್ತಾಯ ಬೇಡ. ಇಷ್ಟರಿಂದಲೇ ಬೆಳಗಿನ ಅಳು ಕಡಿಮೆಯಾದ ಮಕ್ಕಳನ್ನು ನೋಡಿದ್ದೇನೆ.

ಗೋಡೆಗೆ ಒರಗಿ ನಿಂತವಳ ಬಗ್ಗೆ ಅಷ್ಟು ಗಾಬರಿ ಬೇಡ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬುವರು ಪುಟ್ಟ ಮಕ್ಕಳ ಆಟವನ್ನು ಗಮನಿಸಿ 1932ರಲ್ಲೇ ಬರೆದಿದ್ದಾರೆ. ದೂರದಿಂದ ನೋಡುವುದು, ಪಕ್ಕದಲ್ಲಿ ಕೂತು ತನ್ನ ಪಾಡಿಗೆ ತಾನು ಆಡುವುದು, ಎಲ್ಲರ ಜೊತೆ ಸೇರಿ ಆಡುವುದು, ಈ ಮೂರನ್ನೂ ಅವರು ಮಕ್ಕಳಲ್ಲಿ ಕಂಡರು. ನಿಮ್ಮ ಮಗಳು ಸುಮ್ನೆ ನಿಂತಿಲ್ಲ. ಯಾರು ತಳ್ಳುತ್ತಾರೆ, ಯಾರು ಕರೆದು ಸೇರಿಸಿಕೊಳ್ಳುತ್ತಾರೆ ಅಂತ ನೋಡುತ್ತಿದ್ದಾಳೆ. ಅವಳನ್ನು ಹಿಂದಿನಿಂದ ತಳ್ಳಿದರೆ ಇನ್ನೂ ಗೋಡೆಗೆ ಅಂಟಿಕೊಳ್ಳುತ್ತಾಳೆ.

ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆ ಟೀಚರ್ ಆಗಿದ್ದವಳು. 1995ರಲ್ಲಿ ನಲಿಕಲಿ ಎಂಬ ಕಲಿಕೆಯ ಪದ್ಧತಿ ಶುರುವಾದದ್ದು ಅದೇ ತಾಲ್ಲೂಕಿನಲ್ಲಿ. ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುತ್ತಿದ್ದರು. ಆದಿವಾಸಿಗಳ ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ತುಟಿಯೇ ಬಿಚ್ಚುತ್ತಿರಲಿಲ್ಲ. ಅವಳಿಗೆ ಕಾರ್ಡು ಹಂಚುವ ಕೆಲಸ ಕೊಟ್ಟೆ. ಮಾತಾಡು ಅಂತ ಯಾರೂ ಹೇಳಲಿಲ್ಲ. ಒಂದು ದಿನ ಒಬ್ಬ ಹುಡುಗ ಎರಡು ಕಾರ್ಡು ಎಳೆದುಕೊಂಡ. ‘ಏ, ಒಂದೇ ತಗೋ’ ಎಂದು ಗದರಿದಳು. ತರಗತಿಯಲ್ಲಿ ಅವಳು ಆಡಿದ ಮೊದಲ ಮಾತು ಅದು. ನಾನು ಕೇಳಿಸದವಳ ಹಾಗೆ ಬೋರ್ಡ್ ಕಡೆ ತಿರುಗಿದೆ. ಆಗ ಹೊಗಳಿದ್ದರೆ ಎಲ್ಲರ ಕಣ್ಣು ಅವಳ ಮೇಲೆ ಬಿದ್ದು, ಮತ್ತೆ ಬಾಯಿ ಮುಚ್ಚುತ್ತಿದ್ದಳು.

ನೀವೂ ಹಾಗೇ ಮಾಡಿ. ಅವಳ ಕ್ಲಾಸಿನ ಒಂದೇ ಒಂದು ಮಗುವನ್ನು ಶನಿವಾರ ಮಧ್ಯಾಹ್ನ ಮನೆಗೆ ಕರೆಸಿ. ಈಗ ಅವರೆಕಾಯಿ ಕಾಲ. ನೆನೆಸಿದ ಕಾಳಿನ ಬಟ್ಟಲು ಮುಂದಿಟ್ಟು ಇಬ್ಬರನ್ನೂ ಹಿತಕಲು ಕೂರಿಸಿ. ಕಾಳು ಚಿಮ್ಮಿ ಸೋಫಾ ಕೆಳಗೆ ಹೋಗುತ್ತದೆ, ಇಬ್ಬರೂ ನಗುತ್ತಾರೆ. ನೀವು ಅಡುಗೆಮನೆಯಲ್ಲೇ ಇರಿ. ಮನೆಯಲ್ಲಿ ಆ ಮಗುವಿನ ಜೊತೆ ಮಾತು ಬಂದರೆ, ಸ್ಕೂಲಿನಲ್ಲಿ ಮೊದಲು ಅದರ ಕಿವಿಯಲ್ಲೇ ಪಿಸುಗುಟ್ಟುತ್ತಾಳೆ. ಸಂಕ್ರಾಂತಿಗೆ ಎಳ್ಳು ಬೀರಲು ಅವಳನ್ನೂ ಕರೆದುಕೊಂಡು ಹೋಗಿ, ಗುರುತಿನ ಎರಡು ಮೂರು ಮನೆ ಸಾಕು. ತಟ್ಟೆ ಅವಳ ಕೈಯಲ್ಲಿರಲಿ. ‘ಆಂಟಿಗೆ ರೈಮ್ಸ್ ಹೇಳು ಪುಟ್ಟಿ’ ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ‘ಇವಳಿಗೆ ನಾಚಿಕೆ ಜಾಸ್ತಿ’ ಎಂದು ಅವಳ ಎದುರೇ ಹೇಳುವುದೂ ಬೇಡ. ಅತ್ತೆಯವರು ದೃಷ್ಟಿ ತೆಗೆದರೆ ತೆಗೆಯಲಿ, ಅಜ್ಜಿಯ ಕೈ ತಲೆ ಸವರಿದರೆ ಮಗುವಿಗೆ ಹಿತವೇ. ಆದರೆ ಹೆದರಿಸುವುದು, ಹೊಡೆಯುವುದು ಬೇಡವೇ ಬೇಡ. ನಿಮ್ಮವರಿಗೂ ಇದನ್ನು ಓದಿಸಿ.

ಇನ್ನೊಂದು ಮಾತು. ಹೊಸ ಶಾಲೆಯ ಮೊದಲ ತಿಂಗಳು ಮಗು ಮೌನವಾಗಿದ್ದರೆ ಸಹಜ. ನಿಮ್ಮ ಮಗಳಿಗೆ ಜೂನ್‌ನಿಂದ ಹೀಗೇ ಇದೆ. ಮನೆಯಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ತಿಂಗಳುಗಟ್ಟಲೆ ಮಾತೇ ಹೊರಡದಿರುವುದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಅದು ಹಟ ಅಲ್ಲ, ಆತಂಕ. ಬೇಗ ತೋರಿಸಿದಷ್ಟೂ ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಮನಶ್ಶಾಸ್ತ್ರಜ್ಞರೂ ಇದ್ದಾರೆ. ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ನಿಮಗೇ ಮನಸ್ಸು ಭಾರವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಆರು ವರ್ಷದ ಮೊಮ್ಮಗನ ಜೊತೆ ಸಂಜೆ ಚೌಕಾಬಾರ ಆಡುತ್ತೇನೆ. ಅವನ ಕಾಯಿ ಹೊಡೆದರೆ ಕವಡೆ ಎಸೆದು ಕಿರುಚುತ್ತಾನೆ. ನಾನೇ ಬೇಕಂತ ಸೋಲಬೇಕೇ?
– ಒಬ್ಬ ತಾತ, ಕುವೆಂಪುನಗರ, ಮೈಸೂರು

ಉತ್ತರ: ಬೇಡ ಸಾರ್. ಆರು ವರ್ಷಕ್ಕೆ ಅವನಿಗೆ ಅದು ಗೊತ್ತಾಗಿಬಿಡುತ್ತದೆ. ಚೌಕಾಬಾರದ ಸೊಗಸೇ ಅದು, ಕವಡೆ ತಾತ ಮೊಮ್ಮಗ ಅಂತ ನೋಡುವುದಿಲ್ಲ. ನಾಲ್ಕೋ ಎಂಟೋ ಬಿದ್ದರೆ ಅವನಿಗೂ ಇನ್ನೊಂದು ಆಟ ಸಿಗುತ್ತದೆ. ಸೋಲುವುದು ಹೇಗೆ ಅಂತ ನೀವು ಸೋತಾಗ ತೋರಿಸಿ. ‘ಅಯ್ಯೋ, ಹಣ್ಣಾಗೋ ಕಾಯಿ ಹೋಯ್ತಲ್ಲೋ! ತುಂಬ ಬೇಜಾರಾಯ್ತು. ಇರಲಿ, ಮತ್ತೆ ಮೊದಲಿಂದ ಬರ್ತೀನಿ’ ಎಂದು ಅವನಿಗೆ ಕೇಳುವ ಹಾಗೆ ಹೇಳಿ. ಬೇಜಾರನ್ನು ಮಾತಿನಲ್ಲಿ ಹೇಳಬಹುದು ಅಂತ ಅವನಿಗೆ ತಿಳಿಯುವುದು ಹೀಗೆ.

ಕಿರುಚುವಾಗ ಬುದ್ಧಿ ಹೇಳಬೇಡಿ, ಕಿವಿಗೆ ಹೋಗುವುದಿಲ್ಲ. ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅಳು ಇಳಿಯುತ್ತಾ ಬಂದಾಗ ಬಿಸಿ ಹಾಲು ಆರಿಸುವ ಹಾಗೆ ನಿಧಾನವಾಗಿ ಊದಲು ಹೇಳಿ, ನೀವೂ ಊದಿ. ಉಸಿರು ಹೊರಗೆ ಬಿಡುವುದು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಸಿಟ್ಟಿಲ್ಲದ ಹೊತ್ತಿನಲ್ಲೂ ಇದನ್ನು ಆಡಿಸಿಟ್ಟಿರಿ, ಆಗಲೇ ಸಮಯಕ್ಕೆ ನೆನಪಾಗುವುದು. ಆಮೇಲೆ ಚೆಲ್ಲಿದ ಕವಡೆ ಅವನೇ ಆರಿಸಲಿ. ‘ಗಂಡುಮಗು ಅಳಬಾರದು’ ಎಂದು ಮನೆಯಲ್ಲಿ ಯಾರಾದರೂ ಅಂದರೆ ನೀವು ತಡೆಯಬೇಕು. ತಾತ ಹೇಳಿದರೆ ಎಲ್ಲರೂ ಕೇಳುತ್ತಾರೆ.

ಪ್ರಶ್ನೆ: ಮೂರು ವರ್ಷದ ಮಗ ಆಟದ ಸಾಮಾನು ಯಾರಿಗೂ ಕೊಡುವುದಿಲ್ಲ. ನೆಂಟರ ಮುಂದೆ ಮುಜುಗರ.
– ಮದ್ದೂರಿನ ಓದುಗರು

ಉತ್ತರ: ಮೂರಕ್ಕೆ ಹಂಚಿಕೊಳ್ಳುವ ಬುದ್ಧಿ ಇನ್ನೂ ಬಂದಿರುವುದಿಲ್ಲ. ನೆಂಟರು ಬರುವ ಮೊದಲೇ, ಅವನಿಗೆ ತುಂಬ ಇಷ್ಟವಾದ ಒಂದೆರಡನ್ನು ಅವನ ಕೈಯಲ್ಲೇ ಬೀರುವಿನಲ್ಲಿ ಇಡಿಸಿ. ಉಳಿದದ್ದಕ್ಕೆ ಸರದಿ ಮಾಡಿ: ‘ಅಣ್ಣ ಹತ್ತು ಎಣಿಸೋವರೆಗೂ ಆಡ್ತಾನೆ, ಆಮೇಲೆ ನೀನು.’ ಎಣಿಸುವ ಕೆಲಸ ನಿಮ್ಮ ಮಗನಿಗೇ ಕೊಡಿ. ಎಣಿಕೆ ತಪ್ಪಿದರೆ ತಿದ್ದಬೇಡಿ.